ಆಲ್ಕೋಹಾಲೋ ಪೆಟ್ರೋಲಿಯಮ್ಮೋ: ವಿಮಾನಕ್ಕೆ ಯಾವುದು, ರಾಕೆಟ್ಟಿಗೆ ಯಾವುದು

ಒಂದು ಕಿಲೋ ಎಥನಾಲ್ ಉರಿದರೆ ಸುಮಾರು 26.8 ಮೆಗಾಜೂಲ್ ಶಾಖ ಬರುತ್ತದೆ. ಒಂದು ಕಿಲೋ ವಿಮಾನದ ಪೆಟ್ರೋಲಿನಿಂದ, ಅಂದರೆ ಏವ್‌ಗ್ಯಾಸಿನಿಂದ, 43.5ರಷ್ಟು. ಈ ಎರಡು ಅಂಕಿ ನೋಡಿ ಆಲ್ಕೋಹಾಲನ್ನು ಬದಿಗಿಡುವವರೇ ಹೆಚ್ಚು. ಆದರೆ ಬ್ರೆಜಿಲಿನ ಇಪನೇಮಾ ಕೃಷಿ ವಿಮಾನದ ಎಂಜಿನ್ ಏವ್‌ಗ್ಯಾಸಿನಲ್ಲಿ 300 ಅಶ್ವಶಕ್ತಿ ಕೊಟ್ಟರೆ ಎಥನಾಲಿನಲ್ಲಿ 320 ಕೊಡುತ್ತದೆ. 1961ರ ಮೇ 5ರಂದು ಅಲನ್ ಶೆಪರ್ಡ್ ಅವರನ್ನು ಬಾಹ್ಯಾಕಾಶಕ್ಕೆ ಕೊಂಡೊಯ್ದ ರೆಡ್‌ಸ್ಟೋನ್ ರಾಕೆಟ್ ಉರಿಸಿದ್ದೂ ಎಥನಾಲನ್ನೇ.

ಇದರ ಗುಟ್ಟು ಎಥನಾಲಿನ ಅಣುವಿನೊಳಗೇ ಇದೆ. ಅದರ ತೂಕದಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಪಾಲು ಆಮ್ಲಜನಕ. ವಿಮಾನಕ್ಕೆ ಆಮ್ಲಜನಕ ಸುತ್ತಲ ಗಾಳಿಯಿಂದ ಪುಕ್ಕಟೆ ಸಿಗುವಾಗ ಅದನ್ನು ಟ್ಯಾಂಕಿನಲ್ಲೂ ಹೊರುವುದು ದಂಡ. ರಾಕೆಟ್ ಹೇಗಿದ್ದರೂ ತನ್ನ ಆಮ್ಲಜನಕವನ್ನು ತಾನೇ ಹೊರಬೇಕು, ಹಾಗಾಗಿ ಇಂಧನದಲ್ಲಿ ಸ್ವಲ್ಪ ಇದ್ದರೆ ದ್ರವ ಆಮ್ಲಜನಕದ ಟ್ಯಾಂಕಿನಲ್ಲಿ ಅಷ್ಟು ಕಡಿಮೆ ಸಾಕು. ಆದ್ದರಿಂದ ವಿಮಾನದ ಉತ್ತರ, ರಾಕೆಟ್ಟಿನ ಉತ್ತರ ಬೇರೆ ಬೇರೆ.

ಮೊದಲು ಗೊತ್ತಿರಬೇಕಾದ ಅಂಕಿಗಳು

ಏವ್‌ಗ್ಯಾಸ್ 100ಎಲ್‌ಎಲ್: ಲೀಟರಿಗೆ 0.72 ಕಿಲೋ ತೂಕ, ಸುಮಾರು 31 ಮೆಗಾಜೂಲ್.
ಜೆಟ್ ಎ-1 (ಜೆಟ್ ವಿಮಾನಗಳ ಸೀಮೆಎಣ್ಣೆ, ಎಟಿಎಫ್ ಎನ್ನುವುದೂ ಇದನ್ನೇ): ಲೀಟರಿಗೆ 0.80 ಕಿಲೋ, ಸುಮಾರು 34.5 ಮೆಗಾಜೂಲ್; ಕಿಡಿ ತಾಗಿದರೆ ಆವಿ ಹತ್ತಿಕೊಳ್ಳುವ ಉಷ್ಣತೆ ಕನಿಷ್ಠ 38 ಡಿಗ್ರಿ; ಹೆಪ್ಪುಗಟ್ಟುವುದು ಮೈನಸ್ 47ರಲ್ಲಿ.
ಎಥನಾಲ್: ಲೀಟರಿಗೆ 0.79 ಕಿಲೋ, 21 ಮೆಗಾಜೂಲ್. ಹತ್ತಿಕೊಳ್ಳುವುದು 13 ಡಿಗ್ರಿಯಲ್ಲಿ. ಹೆಪ್ಪುಗಟ್ಟುವುದು ಮೈನಸ್ 114ರಲ್ಲಿ.
ಮೆಥನಾಲ್: ಲೀಟರಿಗೆ 0.79 ಕಿಲೋ, 15.8 ಮೆಗಾಜೂಲ್.

ಇನ್ನೊಂದು ಅಂಕಿಯನ್ನು ಬಹಳ ಮಂದಿ ನೋಡುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಪಿಸ್ಟನ್ ಎಂಜಿನಿನ ಶಕ್ತಿಯನ್ನು ನಿರ್ಧರಿಸುವುದು ಸಿಲಿಂಡರಿಗೆ ಎಷ್ಟು ಗಾಳಿ ಹೋಯಿತು ಎನ್ನುವುದು. ಒಂದು ಕಿಲೋ ಗಾಳಿಯ ಲೆಕ್ಕದಲ್ಲಿ ಎರಡೂ ಇಂಧನ ಕೊಡುವುದು ಹೆಚ್ಚುಕಡಿಮೆ 3 ಮೆಗಾಜೂಲ್. ಹಾಗಾಗಿ ಎಥನಾಲ್ ಹಾಕಿದರೆ ಶಕ್ತಿ ಕುಗ್ಗುವುದಿಲ್ಲ, ಟ್ಯಾಂಕ್ ಮಾತ್ರ ಬೇಗ ಬರಿದಾಗುತ್ತದೆ.

ಶಕ್ತಿ ಹೆಚ್ಚುವುದಕ್ಕೆ ಎರಡು ಕಾರಣ. ಎಥನಾಲ್ ಆವಿಯಾಗುವಾಗ ಕಿಲೋಗೆ 850 ಕಿಲೋಜೂಲಿನಷ್ಟು ಶಾಖ ಹೀರುತ್ತದೆ, ಪೆಟ್ರೋಲ್ ಹೀರುವುದು ಸುಮಾರು 350. ಅದರ ಮೇಲೆ ಅಷ್ಟೇ ಗಾಳಿಗೆ ಎಥನಾಲ್ ಒಂದೂವರೆ ಪಟ್ಟಿಗಿಂತ ಹೆಚ್ಚು ಹೋಗುತ್ತದೆ. ಒಳಹೋಗುವ ಗಾಳಿ ತಣಿದು ದಟ್ಟವಾಗುತ್ತದೆ, ಸಿಲಿಂಡರಿನಲ್ಲಿ ಹೆಚ್ಚು ಗಾಳಿ ಹಿಡಿಸುತ್ತದೆ, ಸಿಲಿಂಡರ್ ತಲೆಯೂ ತಂಪಾಗಿರುತ್ತದೆ. ಎರಡನೆಯದು, ಎಥನಾಲ್ ಸುಲಭವಾಗಿ ನಾಕ್ ಮಾಡುವುದಿಲ್ಲ, ಅಂದರೆ ಸಿಲಿಂಡರಿನ ಒತ್ತಡಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವುದಿಲ್ಲ; ಅದಕ್ಕೆ ಸೀಸ ಬೆರೆಸಬೇಕಾಗಿಲ್ಲ. ಏವ್‌ಗ್ಯಾಸ್ 100ಎಲ್‌ಎಲ್‌ನಲ್ಲಿ ಲೀಟರಿಗೆ 0.56 ಗ್ರಾಂ ವರೆಗೆ ಸೀಸ ಇರಬಹುದು. ಸ್ಪಾರ್ಕ್ ಪ್ಲಗ್ಗಿನಲ್ಲಿ ಕೂರುವ ಬೂದು ಗುಳಿಗೆ ಅದರದ್ದೇ. ಶಾಲೆ, ಮನೆಗಳ ಪಕ್ಕದ ಏರೋಡ್ರೋಮುಗಳಲ್ಲಿ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು.

ಪಿಸ್ಟನ್ ವಿಮಾನ: ಎಷ್ಟು ದೂರ ಹೋಗಬೇಕು?

ನಾಲ್ಕು ಸೀಟಿನ ವಿಮಾನ, ಬಳಸಬಹುದಾದ ಏವ್‌ಗ್ಯಾಸ್ 160 ಲೀಟರ್, ಗಂಟೆಗೆ 35 ಲೀಟರ್ ಖರ್ಚು ಎಂದು ಇಟ್ಟುಕೊಳ್ಳೋಣ. ನಾಲ್ಕೂವರೆ ಗಂಟೆ ಹಾರಬಹುದು. ಮುಕ್ಕಾಲು ಗಂಟೆ ಮೀಸಲು ಬಿಟ್ಟರೆ 3.8 ಗಂಟೆ. ಶೇ 5ರಷ್ಟು ನೀರಿರುವ ಎಥನಾಲನ್ನು ಅದೇ ಟ್ಯಾಂಕಿಗೆ ತುಂಬಿದರೆ, ಶಾಖದ ಲೆಕ್ಕದಲ್ಲಿ ಖರ್ಚು ಒಂದೂವರೆ ಪಟ್ಟು ದಾಟಬೇಕು. ಸಂಕೋಚನ ಅನುಪಾತ ಏರಿಸಿ ಚೆನ್ನಾಗಿ ಹೊಂದಿಸಿದ ಎಂಜಿನಿನಲ್ಲಿ ಅದನ್ನು 1.4ರ ಹತ್ತಿರಕ್ಕೆ ತರಬಹುದು. ಆಗ ಗಂಟೆಗೆ 49 ಲೀಟರ್. ಮೀಸಲು ಬಿಟ್ಟು ಉಳಿಯುವುದು ಎರಡೂವರೆ ಗಂಟೆ. ಮೊದಲಿನಷ್ಟೇ ದೂರ ಹೋಗಬೇಕೆಂದರೆ 224 ಲೀಟರ್ ಬೇಕು, ತೂಕ 181 ಕಿಲೋ. ಏವ್‌ಗ್ಯಾಸ್ ಆದರೆ 115 ಕಿಲೋ. ನಡುವಿನ 66 ಕಿಲೋ ಎಂದರೆ ಒಬ್ಬ ಪ್ರಯಾಣಿಕ ಕೆಳಗೆ ಇಳಿಯಬೇಕು.

ಔಷಧಿ ಸಿಂಪಡಿಸುವ ವಿಮಾನಕ್ಕೆ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ. ಔಷಧಿ ಮುಗಿದಾಗಲೆಲ್ಲ ಅದು ಹೇಗಿದ್ದರೂ ಇಳಿಯುತ್ತದೆ, ಹೊಲದ ಪಕ್ಕದಲ್ಲೇ ಕೆಲಸ, ಭಾರ ಹೊತ್ತು ಚಿಕ್ಕ ಪಟ್ಟಿಯಿಂದ ಮೇಲೇಳಲು ಹೆಚ್ಚಿನ 20 ಅಶ್ವಶಕ್ತಿ ನೇರ ಲಾಭ. 2004ರಲ್ಲಿ ಇಪನೇಮಾ ಇಎಂಬಿ-202ಎಗೆ ಎಥನಾಲ್ ಮಾನ್ಯತೆ ಸಿಕ್ಕಿದ್ದು, ಅದು ಅಲ್ಲಿ ನೆಲೆನಿಂತದ್ದು ಈ ಕಾರಣಕ್ಕೆ. ಜೊತೆಗೆ ಕಬ್ಬಿನ ನಾಡಾದ ಬ್ರೆಜಿಲಿನಲ್ಲಿ ಎಥನಾಲ್ ಅಗ್ಗ, ಬಂಕಿನಲ್ಲೇ ಸಿಗುತ್ತದೆ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ವಿಮಾನಕ್ಕೆ ನಮ್ಮ ಸಲಹೆ ಏವ್‌ಗ್ಯಾಸೇ. ಭಾರತದಲ್ಲಿ ಅದು ಬಹುಕಾಲ ಆಮದಾಗುತ್ತಿತ್ತು. 2022ರಿಂದ ಇಂಡಿಯನ್ ಆಯಿಲ್ ತನ್ನ ಗುಜರಾತ್ ರಿಫೈನರಿಯಲ್ಲಿ ತಯಾರಿಸುತ್ತಿದೆ.

ಎಥನಾಲಿಗೇ ಹೋಗುವುದಾದರೆ ಬದಲಾಯಿಸಬೇಕಾದ ಭಾಗಗಳು ಹಲವು. ಮೊದಲನೆಯದು ಇಂಧನ ಚಿಮ್ಮುವ ರಂಧ್ರ, ಅಂದರೆ ಕಾರ್ಬ್ಯುರೇಟರಿನ ಜೆಟ್ ಅಥವಾ ಇಂಜೆಕ್ಟರ್. ಹರಿವು ಶೇ 45 ಹೆಚ್ಚಬೇಕೆಂದರೆ ರಂಧ್ರದ ವ್ಯಾಸ ಸುಮಾರು ಶೇ 20 ದೊಡ್ಡದಾಗಬೇಕು. ಹಾಗೆ ಮಾಡದೆ ಓಡಿಸಿದರೆ ಮಿಶ್ರಣದಲ್ಲಿ ಇಂಧನ ಸಾಲದೆ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಮೇಲೇರುವಾಗಲೇ ಕೈಕೊಡಬಹುದು. ಪಂಪು ಮತ್ತು ಕೊಳವೆಗಳಿಗೂ ಅಷ್ಟು ಹರಿವು ತಡೆಯುವ ಶಕ್ತಿ ಬೇಕು. ಹಳೆಯ ರಬ್ಬರ್ ಕೊಳವೆ ಊದಿಕೊಳ್ಳುತ್ತದೆ, ಕಾರ್ಕಿನ ಫ್ಲೋಟ್ ಹಾಳಾಗುತ್ತದೆ, ಟ್ಯಾಂಕಿನ ಸೀಲಂಟ್ ಬಿಟ್ಟುಕೊಂಡು ಫಿಲ್ಟರ್ ಕಟ್ಟಿಸುತ್ತದೆ. ಟೆಫ್ಲಾನ್ ಒಳಪದರದ ಕೊಳವೆ, ಎಥನಾಲಿಗೆ ಒಪ್ಪುವ ವೈಟಾನ್ ಓ-ರಿಂಗ್ ಹಾಕಬೇಕು. ಮೆಗ್ನೀಸಿಯಂ, ಸತುವಿನ ಭಾಗಗಳು ಎಥನಾಲಿನಲ್ಲಿ ಸವೆಯುತ್ತವೆ. ಅಲ್ಯುಮಿನಿಯಂ ವಿಷಯ ಸ್ವಲ್ಪ ವಿಚಿತ್ರ: ಬಿಸಿಯಾದಾಗ ನೀರೇ ಇಲ್ಲದ ಶುದ್ಧ ಎಥನಾಲ್ ಅದನ್ನು ಕೊರೆಯುತ್ತದೆ, ಸ್ವಲ್ಪ ನೀರಿದ್ದರೆ ಆ ಕೊರೆತ ತಗ್ಗುತ್ತದೆ.

ಇಂಧನದ ಮೀಟರನ್ನು ಮರೆಯುವವರು ಬಹಳ. ಕೆಪಾಸಿಟೆನ್ಸ್ ಮಾದರಿಯ ಮೀಟರ್ ಟ್ಯಾಂಕಿನಲ್ಲಿರುವ ದ್ರವದ ಡೈಎಲೆಕ್ಟ್ರಿಕ್ ಗುಣವನ್ನು ಅಳೆಯುತ್ತದೆ. ಪೆಟ್ರೋಲಿಗೆ ಅದು ಸುಮಾರು 2, ಎಥನಾಲಿಗೆ 24ರ ಹತ್ತಿರ. ಹೊಸದಾಗಿ ಕ್ಯಾಲಿಬ್ರೇಟ್ ಮಾಡದಿದ್ದರೆ ಮುಳ್ಳು ಹೇಳುವುದೆಲ್ಲ ಸುಳ್ಳು.

ಹಾರುವ ಮುನ್ನ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಬಸಿದು ನೀರಿನ ಗುಳ್ಳೆ ನೋಡುವ ಅಭ್ಯಾಸವೂ ಎಥನಾಲಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರು ಅದರಲ್ಲಿ ಪೂರ್ತಿ ಕರಗಿಹೋಗುತ್ತದೆ, ಕಣ್ಣಿಗೆ ಕಾಣದು. ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಎರಡನ್ನೂ ಇಟ್ಟು ಸಾಂದ್ರತೆ ಅಳೆಯಬೇಕು. ಶೇ 5 ನೀರಿನ ಎಥನಾಲ್ 20 ಡಿಗ್ರಿಯಲ್ಲಿ 0.81ರ ಆಸುಪಾಸು ಇರಬೇಕು. ಅದಕ್ಕಿಂತ ಏರಿದ್ದರೆ ನೀರು ಹೆಚ್ಚಾಗಿದೆ. ಚಳಿಯ ಮುಂಜಾನೆ ಸ್ಟಾರ್ಟ್ ಆಗುವುದೂ ಕಷ್ಟ, ಯಾಕೆಂದರೆ ಎಥನಾಲಿನ ಆವಿಯ ಒತ್ತಡ ಏವ್‌ಗ್ಯಾಸಿನ ಅರ್ಧಕ್ಕಿಂತ ಕಡಿಮೆ. ಬ್ರೆಜಿಲಿನ ಹಳೆಯ ಆಲ್ಕೋಹಾಲ್ ಕಾರುಗಳಲ್ಲಿ ಸ್ಟಾರ್ಟ್ ಮಾಡಲೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು.

ಬೆರಕೆ ಪೆಟ್ರೋಲ್: ಎರಡೂ ಕಡೆಯ ತೊಂದರೆ

ಶುದ್ಧ ಎಥನಾಲಿಗೆ ಹೊಂದಿಸಿದ ವಿಮಾನ ಒಂದು ಬಗೆ. ಪೆಟ್ರೋಲಿಗೆಂದೇ ಮಾಡಿದ ವಿಮಾನಕ್ಕೆ ಬಂಕಿನ ಎಥನಾಲ್ ಬೆರಸಿದ ಪೆಟ್ರೋಲ್ ಹಾಕುವುದು ಬೇರೆ, ಅದೇ ಹೆಚ್ಚು ಅಪಾಯದ್ದು. ಈಗ ಭಾರತದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್. ಮೈಕ್ರೋಲೈಟುಗಳಲ್ಲಿ ಹೆಚ್ಚು ಕಾಣುವ ರೋಟಾಕ್ಸ್ 912 ಸರಣಿಗೆ ತಯಾರಕರು ಒಪ್ಪಿರುವುದು ಶೇ 10ರವರೆಗೆ. ಎಂಜಿನ್ ತಾಳಿದರೂ ವಿಮಾನದ ಟ್ಯಾಂಕ್, ಕೊಳವೆ ತಾಳುತ್ತವೆಯೇ ಎನ್ನುವುದು ವಿಮಾನದ ಕೈಪಿಡಿಯಲ್ಲಿ ಪ್ರತ್ಯೇಕವಾಗಿ ನೋಡಬೇಕಾದ ಸಂಗತಿ. ಎರಡರಲ್ಲಿ ಕಡಿಮೆ ಇರುವ ಮಿತಿಯನ್ನೇ ಪಾಲಿಸಿ.

ಬೆರಕೆಯಲ್ಲಿ ಆಗುವ ಕೆಡುಕು ಹೀಗೆ. ಶೇ 10 ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿಯಲ್ಲಿ ನೂರು ಲೀಟರಿಗೆ ಸುಮಾರು ಅರ್ಧ ಲೀಟರ್ ನೀರನ್ನು ಕರಗಿಸಿಟ್ಟುಕೊಳ್ಳಬಲ್ಲದು. ಮೇಲೇರಿದಂತೆ ಇಂಧನ ತಣ್ಣಗಾಗುತ್ತದೆ, ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ನೀರು ಎಥನಾಲನ್ನೂ ಎಳೆದುಕೊಂಡು ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ. ಎಂಜಿನಿಗೆ ಇಂಧನ ಹೋಗುವುದು ತಳದಿಂದಲೇ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕ್ ತಡೆಯುವ ಗುಣ, ಕೂಡ ಬಿದ್ದುಹೋಗಿರುತ್ತದೆ. ಬೆಳಿಗ್ಗೆ ನೆಲದ ಮೇಲೆ ಬಸಿದು ನೋಡಿದಾಗ ಏನೂ ಇರಲಿಲ್ಲ ಎನ್ನುವುದು ಇಲ್ಲಿ ಭರವಸೆಯಾಗದು. ಜೊತೆಗೆ, ಸ್ವಲ್ಪ ಎಥನಾಲ್ ಬೆರೆತಾಗ ಪೆಟ್ರೋಲಿನ ಆವಿಯ ಒತ್ತಡ ಏರುತ್ತದೆ. ಸೆಕೆಯ ದಿನ ಎಂಜಿನ್ ಕವಚದೊಳಗಿನ ಬಿಸಿ ಕೊಳವೆಯಲ್ಲಿ ಆವಿ ತುಂಬಿ ಹರಿವು ನಿಲ್ಲಬಹುದು.

ಪೆಟ್ರೋಲಿನಲ್ಲಿ ಎಥನಾಲ್ ಇದೆಯೇ ಎಂದು ನೋಡಲು 100 ಮಿಲಿಲೀಟರಿನ ಗಾಜಿನ ಅಳತೆ ಜಾಡಿ ಸಾಕು. 10ರ ಗೆರೆಯವರೆಗೆ ನೀರು, ಅದರ ಮೇಲೆ 100ರವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಕೆಲವು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಮೇಲೇರಿದ್ದರೆ ಇದೆ, ಇ20 ಆದರೆ ಪದರ 25ನ್ನೂ ದಾಟಬಹುದು. ಹೊಸ ಕ್ಯಾನ್ ತಂದಾಗಲೆಲ್ಲ ಮಾಡಿ.

ಜೆಟ್ ಮತ್ತು ಟರ್ಬೋಪ್ರಾಪ್

ಇಲ್ಲಿ ಹೆಚ್ಚು ಚರ್ಚೆ ಬೇಡ. ಟರ್ಬೈನಿಗೆ ನಾಕಿಂಗ್ ಚಿಂತೆ ಇಲ್ಲ, ಆದ್ದರಿಂದ ಎಥನಾಲಿನ ದೊಡ್ಡ ಗುಣ ವ್ಯರ್ಥ. ರೆಕ್ಕೆಯ ಟ್ಯಾಂಕ್ ಅಷ್ಟೇ ಇರುವಾಗ ಶಾಖ ಮೂರನೇ ಒಂದಕ್ಕಿಂತ ಹೆಚ್ಚು ಕಡಿಮೆ. ಇನ್ನೊಂದು ಅಪಾಯ ಟ್ಯಾಂಕಿನ ಖಾಲಿ ಜಾಗದ್ದು. 20 ಡಿಗ್ರಿಯಲ್ಲಿ ಜೆಟ್ ಎ-1 ಮೇಲಿನ ಆವಿ ಹತ್ತಿಕೊಳ್ಳಲಾಗದಷ್ಟು ತೆಳು, ಪೆಟ್ರೋಲ್ ಮೇಲಿನದು ಹತ್ತಿಕೊಳ್ಳಲಾಗದಷ್ಟು ದಟ್ಟ. ಎಥನಾಲಿನ ಆವಿ ಅದೇ ಉಷ್ಣತೆಯಲ್ಲಿ ಗಾಳಿಯ ಸುಮಾರು ಶೇ 6 ಇರುತ್ತದೆ, ಉರಿಯುವ ಮಿತಿಯಾದ ಶೇ 3.3–19ರ ನಡುವೆಯೇ. ನಮ್ಮ ಹವೆಯಲ್ಲಿ ವರ್ಷದ ಬಹುಪಾಲು ಅದೇ ಸ್ಥಿತಿ.

ಆದರೂ ಆಲ್ಕೋಹಾಲ್ ಟರ್ಬೈನಿಗೆ ಎರಡು ದಾರಿಯಲ್ಲಿ ಬಂದಿದೆ. ಒಂದು, ನೀರು-ಮೆಥನಾಲ್ ಸಿಂಪಡಣೆ. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಎಚ್‌ಎಸ್-748 ವಿಮಾನದ ರೋಲ್ಸ್-ರಾಯ್ಸ್ ಡಾರ್ಟ್ ಎಂಜಿನುಗಳು ಬಿಸಿ ಹವೆಯಲ್ಲಿ ಮೇಲೇರುವಾಗ ಕುಗ್ಗಿದ ಶಕ್ತಿಯನ್ನು ಇದರಿಂದ ತುಂಬಿಕೊಳ್ಳುತ್ತಿದ್ದವು: ನೀರು ತಂಪು ಮಾಡುತ್ತದೆ, ಮೆಥನಾಲ್ ಉರಿದು ಕಳೆದ ಶಾಖ ಕೊಡುತ್ತದೆ, ನೀರು ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳುತ್ತದೆ. ಎರಡನೆಯದು ಮುಂದಿನ ದಿನಗಳ ದಾರಿ: ಎಥನಾಲಿನಿಂದ ನೀರು ತೆಗೆದು ಎಥಿಲೀನ್ ಮಾಡಿ, ಅಣುಗಳನ್ನು ಜೋಡಿಸಿ ಉದ್ದಮಾಡಿ, ಹೈಡ್ರೋಜನ್ ಸೇರಿಸಿ, ಸೀಮೆಎಣ್ಣೆಯಂಥ ಜೆಟ್ ಇಂಧನವನ್ನೇ ತಯಾರಿಸುವುದು. 2018ರಿಂದ ಎಥನಾಲ್ ಮೂಲದ ಈ ಇಂಧನವನ್ನು ಜೆಟ್ ಎ-1 ಜೊತೆ ಶೇ 50ರವರೆಗೆ ಬೆರೆಸಲು ಇಂಥ ಜೆಟ್ ಇಂಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಎಎಸ್‌ಟಿಎಂ ಡಿ7566 ಒಪ್ಪಿದೆ. ಭಾರತ ಅಂತರರಾಷ್ಟ್ರೀಯ ವಿಮಾನಗಳಿಗೆ ಇಂಥ ಸುಸ್ಥಿರ ಇಂಧನದ ಗುರಿಯನ್ನು 2027ಕ್ಕೆ ಶೇ 1, 2028ಕ್ಕೆ ಶೇ 2 ಎಂದು ಇಟ್ಟುಕೊಂಡಿದೆ. ಮಂಡ್ಯ, ಬೆಳಗಾವಿಯ ಕಬ್ಬು ವಿಮಾನ ಹತ್ತುವುದಾದರೆ ಹೀಗೆ ಹತ್ತಬೇಕು. ಎಥನಾಲನ್ನು ಹಾಗೆಯೇ ಟ್ಯಾಂಕಿಗೆ ಸುರಿದು ಅಲ್ಲ.

ರಾಕೆಟ್: ಗೋಡೆ ಕರಗದಿರಲು ಏನು ಬೇಕು?

ಜರ್ಮನಿಯ ವಿ-2 ರಾಕೆಟ್ ಹೊತ್ತದ್ದು ಶೇ 75 ಎಥನಾಲ್, ಶೇ 25 ನೀರಿನ ಮಿಶ್ರಣ ಸುಮಾರು 3,800 ಕಿಲೋ, ದ್ರವ ಆಮ್ಲಜನಕ ಸುಮಾರು 4,900 ಕಿಲೋ. ಇಂಧನಕ್ಕೆ ಬೇಕೆಂದೇ ನೀರು ಬೆರೆಸಿದ್ದು ಜ್ವಾಲೆಯನ್ನು ತಣಿಸಲು, ಗೋಡೆಯನ್ನು ಉಳಿಸಲು. ಆಮೇಲಿನ ಚರಿತ್ರೆ ನೀರನ್ನು ಕಡಿಮೆ ಮಾಡುತ್ತ ಹೋದ ಚರಿತ್ರೆ. ಸೋವಿಯತ್ ಆರ್-1ರಲ್ಲಿ ಶೇ 75 ಎಥನಾಲ್, ಆರ್-2 ಮತ್ತು ಆರ್-5ರಲ್ಲಿ ಶೇ 92. 1957ರ ಆರ್-7ರ ಹೊತ್ತಿಗೆ ಸೀಮೆಎಣ್ಣೆ. ಅಮೆರಿಕದಲ್ಲೂ ರೆಡ್‌ಸ್ಟೋನಿನ ಎಥನಾಲಿನಿಂದ ಅಟ್ಲಾಸ್, ಥೋರ್‌ಗಳ ಸೀಮೆಎಣ್ಣೆಗೆ ಹೋದರು. ಗೋಡೆಯನ್ನು ತಂಪಾಗಿಡುವ ಕಲೆ ಬೆಳೆದಷ್ಟೂ ಬಿಸಿ ಇಂಧನ ಬಳಸುವ ಧೈರ್ಯ ಬಂತು.

ಕಾಗದದ ಮೇಲಿನ ವ್ಯತ್ಯಾಸ ಎಷ್ಟು? ದಹನ ಕೋಣೆಯ ಒತ್ತಡ ಸುಮಾರು 69 ಬಾರ್, ಸಮುದ್ರಮಟ್ಟದಲ್ಲಿ ಬಿಡುಗಡೆ ಎಂದಿಟ್ಟುಕೊಂಡರೆ ಸೀಮೆಎಣ್ಣೆಯ ಸೈದ್ಧಾಂತಿಕ ನಿರ್ದಿಷ್ಟ ಆವೇಗ (ಒಂದು ಕಿಲೋ ಇಂಧನ-ಆಮ್ಲಜನಕ ಒಂದು ಕಿಲೋ ತೂಕದಷ್ಟು ನೂಕುಬಲವನ್ನು ಎಷ್ಟು ಸೆಕೆಂಡ್ ಕೊಡುತ್ತದೆ ಎನ್ನುವ ಅಳತೆ) 300 ಸೆಕೆಂಡ್, ಶೇ 75 ಎಥನಾಲಿನದು 279. ವಿಮಾನದಲ್ಲಿ ಕಿಲೋಗೆ ಶೇ 38 ಇದ್ದ ಕೊರತೆ ಇಲ್ಲಿ ಶೇ 7ಕ್ಕೆ ಇಳಿದಿದೆ, ಅದೂ ಕಾಲು ಭಾಗ ನೀರು ಬೆರೆಸಿದ ಮೇಲೆ. ಇಂಧನ ಮತ್ತು ಆಮ್ಲಜನಕ ಸೇರಿದ ಒಟ್ಟು ಸಾಂದ್ರತೆಯೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ, 1ರ ಆಸುಪಾಸು. ಆದ್ದರಿಂದ ಟ್ಯಾಂಕ್ ದೊಡ್ಡದಾಗುವುದಿಲ್ಲ. ಆದರೆ ಶೇ 7 ಸಣ್ಣದೆಂದು ತಿಳಿಯಬೇಡಿ. ತುಂಬಿದ ರಾಕೆಟ್ ಖಾಲಿಯ ನಾಲ್ಕು ಪಟ್ಟು ತೂಗುವುದಾದರೆ ಕೊನೆಯ ವೇಗದಲ್ಲಿ ಸೆಕೆಂಡಿಗೆ ಸುಮಾರು 285 ಮೀಟರ್ ವ್ಯತ್ಯಾಸ. ಕಕ್ಷೆಗೆ ಹೋಗುವವರಿಗೆ ಅದು ಉಪಗ್ರಹದ ತೂಕದಲ್ಲೇ ಕಳೆಯುತ್ತದೆ.

ಈಗ ತಂಪಿನ ಲೆಕ್ಕ. ಸುಮಾರು 20 ಬಾರ್ ಒತ್ತಡದಲ್ಲಿ 5 ಕಿಲೋನ್ಯೂಟನ್ ನೂಕುಬಲ ಕೊಡುವ ಪುಟ್ಟ ಎಂಜಿನ್ ತೆಗೆದುಕೊಳ್ಳಿ. ಇಂಧನ ಮೊದಲು ಗೋಡೆಯ ಸುತ್ತಲ ಕಾಲುವೆಗಳಲ್ಲಿ ಹರಿದು, ಅದನ್ನು ತಣಿಸಿ, ಆಮೇಲೆ ಒಳಗೆ ಉರಿಯುತ್ತದೆ. ಸೀಮೆಎಣ್ಣೆಯ ಒಂದು ಕಿಲೋಗೆ 2.2 ಕಿಲೋ ಆಮ್ಲಜನಕ ಬೇಕಾದ್ದರಿಂದ ತಂಪಿಗೆ ಸಿಗುವ ಇಂಧನ ಸೆಕೆಂಡಿಗೆ 0.68 ಕಿಲೋ. ಶೇ 75 ಎಥನಾಲಿಗೆ 1.2 ಕಿಲೋ ಆಮ್ಲಜನಕ ಸಾಕು, ತಂಪಿಗೆ 1.05 ಕಿಲೋ ಸಿಗುತ್ತದೆ. ನೀರು ಬೆರೆತದ್ದರಿಂದ ಅದರ ಶಾಖ ಹೊರುವ ಗುಣವೂ ಒಂದೂವರೆ ಪಟ್ಟು. ಗೋಡೆಯಿಂದ 200 ಕಿಲೋವಾಟ್ ಶಾಖ ಬಂದರೆ ಎಥನಾಲ್ ಮಿಶ್ರಣ ಸುಮಾರು 65 ಡಿಗ್ರಿ ಬಿಸಿಯೇರುತ್ತದೆ, ಸೀಮೆಎಣ್ಣೆ ಸುಮಾರು 145 ಡಿಗ್ರಿ. ಜ್ವಾಲೆಯೂ ತಂಪು: ಎಥನಾಲ್ ಮಿಶ್ರಣದ್ದು 3,180 ಕೆಲ್ವಿನ್ ಸುಮಾರು, ಸೀಮೆಎಣ್ಣೆಯದು 3,570 ದಾಟುತ್ತದೆ.

ಸೀಮೆಎಣ್ಣೆಯ ಇನ್ನೊಂದು ಕಾಟ ಮಸಿ. ಕಾಲುವೆಯ ಗೋಡೆ 300 ಡಿಗ್ರಿಯ ಹತ್ತಿರ ಬಂದರೆ ಎಣ್ಣೆ ಒಡೆದು ಇಂಗಾಲ ಅಂಟುತ್ತದೆ. ಅಂಟಿದ ಪದರ ಶಾಖ ತಡೆಯುತ್ತದೆ, ಗೋಡೆ ಇನ್ನೂ ಬಿಸಿಯಾಗುತ್ತದೆ, ಇನ್ನಷ್ಟು ಅಂಟುತ್ತದೆ, ಕೊನೆಗೆ ನಾಝಲ್ಲಿನ ಗಂಟಲಿನ ಬಳಿ ತೂತು. ತಾಮ್ರದ ಗೋಡೆಯಾದರೆ ಎಣ್ಣೆಯಲ್ಲಿರುವ ಗಂಧಕವೂ ಅದನ್ನು ತಿನ್ನುತ್ತದೆ. ರಾಕೆಟ್ಟಿಗೆಂದೇ ಆರ್‌ಪಿ-1 ಎಂಬ ಬೇರೆ ದರ್ಜೆಯ ಸೀಮೆಎಣ್ಣೆ ಹುಟ್ಟಿದ್ದು ಇದಕ್ಕೇ. ಇಸ್ರೋ ತನ್ನ 2,000 ಕಿಲೋನ್ಯೂಟನ್ನಿನ ಅರೆ-ಕ್ರಯೋಜೆನಿಕ್ (ಆಮ್ಲಜನಕ ಮಾತ್ರ ಅತಿಶೀತ ದ್ರವ, ಇಂಧನ ಅಲ್ಲ) ಎಂಜಿನಿಗೆ ಇಸ್ರೋಸೀನ್ ಎಂಬ ಸಂಸ್ಕರಿಸಿದ ಸೀಮೆಎಣ್ಣೆಯನ್ನು ಆರಿಸಿಕೊಂಡಿದೆ.

ಹಾಗಾದರೆ ಆಯ್ಕೆ? ವಿದ್ಯಾರ್ಥಿ ತಂಡವೋ ಹೊಸ ಸಂಸ್ಥೆಯೋ ತನ್ನ ಮೊದಲ ದ್ರವ ಇಂಧನ ಎಂಜಿನ್ ಕಟ್ಟುವುದಾದರೆ, ಸಂಶಯವಿಲ್ಲದೆ ಶೇ 75 ಎಥನಾಲ್. ಡೆನ್ಮಾರ್ಕಿನ ಕೋಪನ್‌ಹೇಗನ್ ಸಬಾರ್ಬಿಟಲ್ಸ್ ತಂಡದ ನೆಕ್ಸೊ ರಾಕೆಟ್ಟುಗಳು ಎಥನಾಲಿನವು. ಜಪಾನಿನ ಇಂಟರ್‌ಸ್ಟೆಲ್ಲರ್ ಟೆಕ್ನಾಲಜೀಸ್ 2019ರ ಮೇ 4ರಂದು ಮೋಮೋ-3 ರಾಕೆಟನ್ನು 113 ಕಿಲೋಮೀಟರ್ ಎತ್ತರಕ್ಕೆ ಕಳಿಸಿದ್ದೂ ಎಥನಾಲಿನಿಂದ. ಎಂಜಿನ್ ಸುರಕ್ಷಿತವಾಗಿ ಉರಿಯತೊಡಗಿದ ಮೇಲೆ ನೀರು ಕಡಿಮೆ ಮಾಡುತ್ತ ಶೇ 90ರ ಕಡೆಗೆ ಹೋಗಬಹುದು, ಪ್ರತಿ ಹಂತದಲ್ಲೂ ಕಾಲುವೆಯಿಂದ ಹೊರಬರುವ ಇಂಧನದ ಉಷ್ಣತೆ ನೋಡಿಕೊಂಡು. ಕಕ್ಷೆಯೇ ಗುರಿಯಾದರೆ ಸೀಮೆಎಣ್ಣೆ. ಚೆನ್ನೈನ ಅಗ್ನಿಕುಲ್ 2024ರ ಮೇ 30ರಂದು ಹಾರಿಸಿದ ಅಗ್ನಿಬಾಣ್ ಪರೀಕ್ಷಾ ರಾಕೆಟ್ಟಿನಲ್ಲಿ ಉರಿದದ್ದು ವಿಮಾನದ ಸೀಮೆಎಣ್ಣೆಯೇ.

ಮಿಶ್ರಣವನ್ನು ಯಾವಾಗಲೂ ತೂಕದಲ್ಲಿ ಮಾಡಿ, ಲೀಟರಿನಲ್ಲಿ ಅಲ್ಲ. ತೂಕದಲ್ಲಿ ಶೇ 75 ಎಂದರೆ ಗಾತ್ರದಲ್ಲಿ ಶೇ 81. ಈ ಗೊಂದಲದಿಂದ ಲೆಕ್ಕವೆಲ್ಲ ತಪ್ಪುತ್ತದೆ. ಗಾತ್ರದಲ್ಲಿ ಶೇ 95 ಇರುವ ಸ್ಪಿರಿಟ್ ತೂಕದಲ್ಲಿ ಶೇ 92.4. ಅದರಿಂದ 20 ಕಿಲೋ ಮಿಶ್ರಣಕ್ಕೆ 16.2 ಕಿಲೋ ಸ್ಪಿರಿಟ್, 3.8 ಕಿಲೋ ಡಿಸ್ಟಿಲ್ಡ್ ನೀರು. 20 ಡಿಗ್ರಿಯಲ್ಲಿ ಸಾಂದ್ರತೆ 0.856 ಬರಬೇಕು. ನಲ್ಲಿ ನೀರಿನ ಲವಣ ಕಾಲುವೆಯಲ್ಲಿ ಕೂರುತ್ತದೆ, ಬೇಡ. ಕಾಲುವೆಯ ಒತ್ತಡ ದಹನ ಕೋಣೆಯದಕ್ಕಿಂತ ಸಾಕಷ್ಟು ಹೆಚ್ಚಿರಲಿ. ಒತ್ತಡ ಬಿದ್ದು ಎಥನಾಲ್ ಗೋಡೆಗೆ ಅಂಟಿಕೊಂಡೇ ಕುದಿದರೆ ಆವಿಯ ಪರದೆ ಎದ್ದು, ತಂಪು ನಿಂತು, ಲೋಹ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಒಂದು ಇಂಧನದ ಎಂಜಿನನ್ನು ಇನ್ನೊಂದಕ್ಕೆ ಬದಲಿಸುವಾಗ ಓ-ರಿಂಗುಗಳನ್ನು ಮರೆಯಬೇಡಿ. ಆಲ್ಕೋಹಾಲಿಗೆ ಚೆನ್ನಾಗಿ ಒಗ್ಗುವ ಇಪಿಡಿಎಂ ರಬ್ಬರ್ ಸೀಮೆಎಣ್ಣೆಯಲ್ಲಿ ಊದಿ ಹಾಳಾಗುತ್ತದೆ. ಟೆಫ್ಲಾನ್ ಎರಡಕ್ಕೂ ಸರಿ. ಇಂಜೆಕ್ಟರಿನ ಅನುಪಾತವಂತೂ ಪೂರ್ತಿ ಬದಲಾಗುವುದರಿಂದ ಹೊಸ ಇಂಜೆಕ್ಟರೇ ಬೇಕು. ಹೊತ್ತಿಸುವುದರಲ್ಲೂ ಎಥನಾಲ್ ಸುಲಭ, ಸೀಮೆಎಣ್ಣೆಗೆ ಬಲವಾದ ಕಿಡಿ ಬೇಕು. ಸ್ಯಾಟರ್ನ್-5ರ ಎಫ್-1 ಎಂಜಿನಿನಲ್ಲಿ ಗಾಳಿ ತಾಗಿದೊಡನೆ ತಾನೇ ಹತ್ತಿಕೊಳ್ಳುವ ಟ್ರೈಎಥಿಲ್ ಬೋರೇನ್, ಟ್ರೈಎಥಿಲ್ ಅಲ್ಯುಮಿನಿಯಂ ಮಿಶ್ರಣ ಬಳಸುತ್ತಿದ್ದರು. ಪರೀಕ್ಷೆಯ ನಂತರ ಎಥನಾಲ್ ಕೊಳವೆಯನ್ನು ತೊಳೆದು ಒಣಗಿಸಿದರೆ ಮುಗಿಯಿತು. ಸೀಮೆಎಣ್ಣೆಯ ಜಿಡ್ಡು ಉಳಿಯುತ್ತದೆ, ಅದು ಆಮ್ಲಜನಕದ ಕಡೆಗೆ ಹೋದರೆ ಸ್ಫೋಟ. ಎಥನಾಲ್ ಎಂದು ಇಲ್ಲಿ ಸಡಿಲ ಬಿಡುವಂತೆಯೂ ಇಲ್ಲ: ಯಾವ ಇಂಧನವೇ ಆಗಲಿ ದ್ರವ ಆಮ್ಲಜನಕದ ಜೊತೆ ಒಂದೆಡೆ ನಿಂತರೆ ಒಂದು ಪೆಟ್ಟಿಗೇ ಸಿಡಿಯಬಹುದು. ಹೊತ್ತದೆ ನಿಂತ ಎಂಜಿನಿನ ಬಳಿಗೆ, ಒಳಗಿನದ್ದೆಲ್ಲ ನೈಟ್ರೋಜನ್ನಿನಿಂದ ಊದಿ ಆವಿಯಾಗಿ ಹೋಗುವವರೆಗೆ, ಯಾರೂ ಹೋಗಕೂಡದು.

ಮೆಥನಾಲನ್ನು ನಾವು ರಾಕೆಟ್ಟಿಗೂ ಸೂಚಿಸುವುದಿಲ್ಲ. ಶಕ್ತಿ ಇನ್ನೂ ಕಡಿಮೆ, ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ, ಸ್ವಲ್ಪ ಒಳಹೋದರೂ ಕಣ್ಣು ಹೋಗುತ್ತದೆ. ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಾಣುವುದೇ ಇಲ್ಲ. ಎಥನಾಲಿಗೆ ಅನುಮತಿ ಸಿಗುವುದು ಕಷ್ಟವಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯ ಬದಲಿ. ಅಮೆರಿಕದ ಎಕ್ಸ್‌ಕೋರ್ ಸಂಸ್ಥೆಯ ಇಝೀ-ರಾಕೆಟ್ ವಿಮಾನ 2001ರಲ್ಲಿ ಹಾರಿದ್ದು ಅದರಿಂದಲೇ.

ಬೆಂಕಿ ಆರಿಸುವ ಸಾಮಗ್ರಿ ಇಂಧನಕ್ಕೆ ತಕ್ಕದ್ದಿರಬೇಕು. ಪೆಟ್ರೋಲ್, ಸೀಮೆಎಣ್ಣೆಯ ಬೆಂಕಿಗೆ ನೀರು ಹೊಡೆದರೆ ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ, ಅದಕ್ಕೆ ನೊರೆಯೇ ಬೇಕು. ಆದರೆ ಅದೇ ಸಾಮಾನ್ಯ ನೊರೆಯ ನೀರನ್ನು ಆಲ್ಕೋಹಾಲ್ ಹೀರಿಕೊಂಡು ಪದರವನ್ನು ಒಡೆಯುತ್ತದೆ. ಆಲ್ಕೋಹಾಲಿಗೆ ತಡೆಯುವ ಎಆರ್ ದರ್ಜೆಯ ನೊರೆ ತರಿಸಿಡಿ. ಎಥನಾಲ್ ಚೆಲ್ಲಿದರೆ ಧಾರಾಳ ನೀರು ಸುರಿದು ತೆಳುಮಾಡಬಹುದು, ಆದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೂ ಸುರಿಯುತ್ತಿರಬೇಕು. ಅರ್ಧಕ್ಕೆ ಅರ್ಧ ನೀರು ಬೆರೆತ ಎಥನಾಲ್ ನಮ್ಮ ಮಧ್ಯಾಹ್ನದ ಬಿಸಿಗೆ ಇನ್ನೂ ಹತ್ತಿಕೊಳ್ಳುತ್ತದೆ.